ಎತ್ತರಿಸಿದ ಗಾಡಿಯನ್ನು ಎತ್ತುವ ಬಗೆ

ಪುಣೆಯ ಟೈರ್ ಅಂಗಡಿಗಳ ಮುಂದೆ ‘ಯೇಥೆ ಪಂಕ್ಚರ್ ಕಾಢೂನ್ ಮಿಳೇಲ್’ ಅಂತ ಬೋರ್ಡು ತೂಗುತ್ತಿರುತ್ತದೆ. ಅಂದರೆ ಇಲ್ಲಿ ಪಂಚರ್ ತೆಗೆಯುತ್ತಾರೆ. ಧಾರವಾಡ, ಬೆಳಗಾವಿ ಕಡೆಯವರು ಊರಲ್ಲಿ ಪಂಚರ್ ಹಾಕಿಸಿಯೇ ದೊಡ್ಡವರಾದವರು. ಹೊಸದಾಗಿ ಬಂದ ಹುಡುಗ ಕೋಥ್ರೂಡಿನಲ್ಲಿ ಗಾಡಿ ನಿಲ್ಲಿಸಿ ‘ಪಂಕ್ಚರ್ ಘಾಲಾ’ (ಪಂಚರ್ ಹಾಕಿ) ಅಂದರೆ ಅಂಗಡಿಯವನು ಮೊಳೆ ಹುಡುಕಲು ಹೊರಡಬೇಕಷ್ಟೆ.

ತೆಗೆಯಲಿ, ಹಾಕಲಿ, ಮೊದಲು ಚಕ್ರ ಕಳಚಬೇಕಲ್ಲ. ಥಾರ್, ಜಿಮ್ನಿ, ಹಳೇ ಜಿಪ್ಸಿಯಂಥ ಜೀಪುಗಳನ್ನು ಎರಡಿಂಚು ಎತ್ತರಿಸಿ, ಎತ್ತಿನ ಗಾಡಿಯ ಚಕ್ರದಂಥ ಟೈರು ಹಾಕಿಸಿಕೊಂಡವರ ಪೇಚಾಟ ಶುರುವಾಗುವುದು ಇಲ್ಲೇ. ಗಾಡಿ ಎತ್ತರಿಸುವ ಲಿಫ್ಟ್ ಕಿಟ್, ಅಲಾಯ್ ರಿಮ್, ಛಾವಣಿ ಮೇಲೆ ದೀಪದ ಪಟ್ಟಿ, ಎಲ್ಲಕ್ಕೂ ಲೆಕ್ಕವಿಲ್ಲದೆ ದುಡ್ಡು. ಸೀಟಿನ ಕೆಳಗಿನ ಜ್ಯಾಕ್ ಮಾತ್ರ ಶೋರೂಮಿನಿಂದ ಬಂದ ದಿನ ಇದ್ದ ಹಾಗೇ ಇರುತ್ತದೆ. ಆನೆ ಕೊಟ್ಟು ಅಂಕುಶಕ್ಕೆ ಜಗಳ ಅನ್ನುವುದು ಇದಕ್ಕೇ.

ಲೆಕ್ಕ ನೋಡಿ. ಥಾರಿನ 16 ಇಂಚಿನ ರಿಮ್ಮಿನ ಮೂಲ ಟೈರು 245/75. ಅದರ ಎತ್ತರ 774 ಮಿ.ಮೀ. ಅದರ ಜಾಗಕ್ಕೆ ಬರುವ 285/70 ಆರ್17 ಟೈರು 831 ಮಿ.ಮೀ. ವ್ಯತ್ಯಾಸವನ್ನು ಅರ್ಧ ಮಾಡಿದರೆ ಆಕ್ಸಲ್, ಅಂದರೆ ಚಕ್ರಗಳ ನಡುವಿನ ಅಚ್ಚು, 28 ಮಿ.ಮೀ. ಮೇಲೇರಿತು. ಗಾಡಿಯ ಅಡಿಯ ಚೌಕಟ್ಟು, ಅಂದರೆ ಚಾಸಿ, ಇದರ ಜೊತೆಗೆ ಲಿಫ್ಟಿನ 51 ಮಿ.ಮೀ.ಯನ್ನೂ ಸೇರಿಸಿಕೊಂಡು ಸುಮಾರು 8 ಸೆಂ.ಮೀ. ಏರಿತು. ಚಾಸಿಗೆ ಜ್ಯಾಕ್ ಕೊಟ್ಟರೆ ಇನ್ನೊಂದು ತಾಪತ್ರಯ: ಗಾಡಿ ಏರುತ್ತ ಹೋದ ಹಾಗೆ ಸ್ಪ್ರಿಂಗು ಬಿಚ್ಚಿಕೊಂಡು ಚಕ್ರ ಕೆಳಗೇ ಉಳಿಯುತ್ತದೆ. ಜ್ಯಾಕ್ ಮುಗಿಯಿತು, ಚಕ್ರ ಇನ್ನೂ ನೆಲದಲ್ಲಿ. ಆದ್ದರಿಂದ ಜ್ಯಾಕ್ ಕೊಡಬೇಕಾದ್ದು ಆಕ್ಸಲ್ಲಿಗೆ. ಜಿಪ್ಸಿ, ಜಿಮ್ನಿಗಳಿಗೆ ಎರಡೂ ಕಡೆ ಇಡಿಯಾದ ಆಕ್ಸಲ್ ಇದೆ. ಥಾರಿಗೆ ಅದು ಹಿಂದೆ ಮಾತ್ರ. ಮುಂದೆ ಚಕ್ರವನ್ನು ಚಾಸಿಗೆ ಜೋಡಿಸುವ ಕೆಳಗಿನ ತೋಳು, ಲೋವರ್ ಆರ್ಮ್, ಅದರ ಕೆಳಗೆ, ಚಕ್ರಕ್ಕೆ ಹತ್ತಿರ, ಸಪಾಟಾದ ಜಾಗ ನೋಡಿ ಕೊಡಬೇಕು.

ಇನ್ನು ಜ್ಯಾಕ್ ಯಾವುದು? ಜನ ಮೋಸಹೋಗುವುದು ಅದರ ಮೇಲೆ ಬರೆದ ಟನ್ನು ಓದಿ. ‘ನಮ್ಮ ಗಾಡಿ ಎರಡು ಟನ್ನೂ ಇಲ್ಲ, ಮೂರು ಟನ್ನಿನ ಬಾಟಲ್ ಜ್ಯಾಕ್ ಬೇಕಾದಷ್ಟಾಯಿತು’ ಅನ್ನುತ್ತಾರೆ (ಬಾಟಲಿಯ ಹಾಗೆ ನೆಟ್ಟಗೆ ನಿಲ್ಲುವ ಎಣ್ಣೆಯ ಜ್ಯಾಕ್ ಅದು). ಭಾರಕ್ಕೆ ಬೇಕಾದಷ್ಟು, ನಿಜ. ಎತ್ತರಕ್ಕೆ? ಮಾರುಕಟ್ಟೆಯ ಸಾಮಾನ್ಯ ಮೂರು ಟನ್ನಿನ ಜ್ಯಾಕ್ ಕುಳಿತಾಗ 194 ಮಿ.ಮೀ., ತಲೆಯ ಸ್ಕ್ರೂವನ್ನೂ ಪೂರಾ ತಿರುಗಿಸಿ ಎದ್ದು ನಿಂತರೆ 372. ಈಗ ಗೋವಾ ಕಡೆಗೆ ಇಳಿಯುವ ಅಂಬೋಲಿ ಘಾಟಿನ ತಿರುವಿನಲ್ಲಿ, ಜುಲೈ ಮಳೆಯಲ್ಲಿ, ಹಿಂದಿನ ಟೈರು ಕೂತಿದೆ ಅಂದುಕೊಳ್ಳಿ. ಗಾಳಿ ಹೋಗಿ ಆ ಮೂಲೆ ನಾಲ್ಕೈದು ಇಂಚು ಕುಸಿದಿದೆ, ಆಕ್ಸಲ್ ಕೊಳವೆಯ ತಳ ನೆಲದಿಂದ 230ರ ಆಸುಪಾಸು. ಜ್ಯಾಕ್ ಸಲೀಸಾಗಿ ಒಳಗೆ ಹೋಯಿತು. ನಟ್ ಬಿಚ್ಚಿ ಚಪ್ಪಟೆ ಟೈರನ್ನೂ ಎಳೆದದ್ದಾಯಿತು. ಹೊಟ್ಟೆ ತುಂಬ ಗಾಳಿ ಇರುವ ಸ್ಟೆಪ್ನಿ ತಂದು ಬೋಲ್ಟಿಗೆ ಹಿಡಿದರೆ ತೂತಿಗೂ ಬೋಲ್ಟಿಗೂ ಮುಖಾಮುಖಿಯೇ ಇಲ್ಲ, ಒಂದು ಬೆರಳು ಕಡಿಮೆ! ಅದು ಕೂರಬೇಕಾದರೆ ಆಕ್ಸಲ್ ಸುಮಾರು 390 ಮುಟ್ಟಬೇಕು. ಜ್ಯಾಕಿನ ಪಿಸ್ಟನ್ ಪೂರಾ ಹೊರಬಂದು ‘ಇಷ್ಟೇ ನನ್ನ ಕೈಲಾದದ್ದು’ ಅನ್ನುತ್ತಿದೆ.

ಒಳಗಿನಿಂದ ಧ್ವನಿ: “ರೀ, ಇನ್ನ ಎಷ್ಟೊತ್ತರೀ?”

“ಆತು, ಒಂದ್ ಬೆರಳು ಉಳದೈತಿ.”

ಈ ಒಂದು ಬೆರಳಿಗಾಗಿ ಗಂಡಸರು ಮಾಡುವ ಸಾಹಸಗಳಲ್ಲಿ ಅತಿ ಕೆಟ್ಟದ್ದು ರಸ್ತೆಬದಿಯ ಚಿರೆಕಲ್ಲು ತಂದು ಜ್ಯಾಕ್ ಕೆಳಗೆ ಇಡುವುದು. ಕೊಂಕಣದ ಕಡೆ ಮನೆ ಕಟ್ಟುವ ಕಲ್ಲು, ಗಟ್ಟಿಯೇ ಇರಬೇಕು ಅನ್ನಿಸುತ್ತದೆ. ಬಾಟಲ್ ಜ್ಯಾಕಿನ ಚಿಕ್ಕ ಪಾದದ ಕೆಳಗೆ ಅದು ರವೆಯುಂಡೆಯ ಹಾಗೆ ಉದುರುತ್ತದೆ, ಅದೂ ಮಳೆಯಲ್ಲಿ ನೆಂದಿದ್ದರೆ ಕೇಳುವುದೇ ಬೇಡ. ಸರಿಯಾದ ದಾರಿ ಉಲ್ಟಾ: ಗಾಡಿ ಏರದಿದ್ದರೆ ನೆಲ ಇಳಿಸಿ. ಮಣ್ಣಿನ ಅಂಚಾದರೆ ಚಕ್ರ ಬರುವ ಜಾಗದಲ್ಲಿ, ಜ್ಯಾಕಿನ ಬುಡ ಸಡಿಲವಾಗದಂತೆ ಎರಡಿಂಚು ಕೆದರಿದರೆ ಸಾಕು. ಡಾಂಬರಿನ ಮೇಲಿದ್ದರೆ ಸ್ಟೆಪ್ನಿಯ ಗಾಳಿ ಬಿಟ್ಟು, ಕೂರಿಸಿ, ನಟ್ ಬಿಗಿದು, ಆಮೇಲೆ ತುಂಬಿಸಿ. ಅದಕ್ಕೆ ಪಂಪು ಬೇಕು. ಲೈಟರ್ ಸಾಕೆಟ್ಟಿನ ಪುಟ್ಟ ಪಂಪು ಇಷ್ಟು ದೊಡ್ಡ ಟೈರು ತುಂಬುವಷ್ಟರಲ್ಲಿ ಬಿಸಿಯಾಗಿ ಮೂರ್ಛೆ ಹೋಗುತ್ತದೆ. ಬ್ಯಾಟರಿಗೆ ಕ್ಲಿಪ್ ಹಾಕುವಂಥದ್ದನ್ನೇ ತನ್ನಿ.

ಇದಕ್ಕೆಲ್ಲ ಮೊದಲೇ ಐದು ಟನ್ನಿನ ಬಾಟಲ್ ಜ್ಯಾಕ್ ಕೊಂಡುಬಿಡುವುದು ಲೇಸು: ಕುಳಿತಾಗ 216, ನಿಂತಾಗ 413. ಟನ್ನಿಗಾಗಿ ಅಲ್ಲ, ಆ ನಾಲ್ಕು ಸೆಂಟಿಮೀಟರಿಗಾಗಿ. ಕೊಳ್ಳುವಾಗ ಮೈಮೇಲಿನ ಅಂಕಿ ನಂಬದೆ ಟೇಪು ಹಿಡಿದು ಅಳೆಯಿರಿ. ದುಂಡನೆಯ ಆಕ್ಸಲ್ ಜಾರದಂತೆ ಜ್ಯಾಕಿನ ತಲೆಗೆ ‘ವಿ’ ಆಕಾರದ ತಟ್ಟೆ ಮಾಡಿಸಿ. 18 ಮಿ.ಮೀ. ಪ್ಲೈವುಡ್ಡಿನ ಒಂದಡಿ ಚೌಕದ ಎರಡು ತುಂಡು ಸೀಟಿನ ಹಿಂದೆ ಇರಲಿ, ಕೆಸರಿನಲ್ಲಿ ಜ್ಯಾಕ್ ಹೂತುಹೋಗುವುದಿಲ್ಲ. ಜ್ಯಾಕನ್ನು ಮಲಗಿಸಿ ಇಟ್ಟರೆ ಎಣ್ಣೆ ಸೋರಿ, ಗಾಳಿ ಸೇರಿ, ಬೇಕಾದ ದಿನ ಬರೀ ಹಿಡಿಕೆ ಆಡುತ್ತದೆ.

ಫೋಟೋದಲ್ಲಿ ಚೆಂದ ಕಾಣುವುದು ಇನ್ನೊಂದಿದೆ, ಬಾನೆಟ್ ಪಕ್ಕ ನೇತಾಡುವ ನಾಲ್ಕಡಿಯ ಫಾರ್ಮ್ ಜ್ಯಾಕ್. ಎತ್ತರಕ್ಕೆ ಕೊರತೆಯಿಲ್ಲ. ಆದರೆ ಅದು ಕಚ್ಚಿಕೊಳ್ಳಲು ಕಬ್ಬಿಣದ ಬಂಪರ್ ಬೇಕು. ಪ್ಲಾಸ್ಟಿಕ್ ಬಂಪರಿಗೆ ಕೊಟ್ಟರೆ ಬಂಪರೊಂದೇ ಮೇಲೆ ಬರುತ್ತದೆ. ಇಳಿಸುವಾಗ ಹಿಡಿಕೆ ಕೈತಪ್ಪಿದರೆ ಭಾರ ಅದನ್ನು ಪಟಪಟನೆ ಮೇಲೆ ಕೆಳಗೆ ಬಡಿಯುತ್ತದೆ, ದವಡೆ ಅದರ ದಾರಿಯಲ್ಲಿ ಇರಬಾರದು. ಕೆಸರಿನಿಂದ ಗಾಡಿ ಎತ್ತಲು ಸರಿ, ಚಕ್ರ ಬದಲಿಸಲು ಇದನ್ನು ನಂಬುವುದು ನಮ್ಮ ಮಟ್ಟಿಗೆ ಶೋಕಿ.

ಸ್ಟೆಪ್ನಿ ಅನ್ನುವ ಹೆಸರು ಬಂದದ್ದು ವೇಲ್ಸ್ ದೇಶದ ಲಾನೆಲ್ಲಿ ಊರಿನ ಸ್ಟೆಪ್ನಿ ಬೀದಿಯಿಂದ. 1904ರ ಹೊತ್ತಿಗೆ ಅಲ್ಲಿ ಬಿಡಿ ಚಕ್ರ ಮಾಡತೊಡಗಿದರು; ಅವರ ಬೀದಿಯ ಹೆಸರು ನಮ್ಮ ಪಂಚರ್ ಅಂಗಡಿಯಲ್ಲಿ ಉಳಿದುಕೊಂಡಿತು. ನಾಲ್ಕು ದೊಡ್ಡ ಟೈರು ಹಾಕಿಸಿದವರು ಐದನೆಯದಕ್ಕೆ ಕೈ ಬಿಗಿ ಹಿಡಿಯುತ್ತಾರೆ. ‘ಹಳೇದು ಐತಲ್ಲ, ಹೊಸಾದು ಯಾಕ?’ ಆ ಹಳೆಯದು ಸುತ್ತಳತೆಯಲ್ಲಿ ಶೇ. 7ರಷ್ಟು ಕಡಿಮೆ. ಅದನ್ನು ಹಿಂದೆ ಹಾಕಿ ಓಡಿಸಿದರೆ ಎರಡು ಚಕ್ರ ಎರಡು ವೇಗದಲ್ಲಿ ತಿರುಗಿ, ಆ ವೇಗದ ವ್ಯತ್ಯಾಸ ತೂಗಿಸುವ ಗೇರುಪೆಟ್ಟಿಗೆಯಾದ ಡಿಫರೆನ್ಷಿಯಲ್ಲಿಗೆ ಬಿಡುವೇ ಇರುವುದಿಲ್ಲ. ಲಾಕ್ ಆಗುವಂಥದ್ದಾದರೆ ಇನ್ನೂ ಕಷ್ಟ. ಆದ್ದರಿಂದ ಮುಂದಿನ ದೊಡ್ಡ ಚಕ್ರ ಬಿಚ್ಚಿ ಹಿಂದಕ್ಕೆ, ಗಿಡ್ಡದು ಮುಂದಕ್ಕೆ. ಒಂದು ಪಂಚರಿಗೆ ಎರಡು ಸಲ ಜ್ಯಾಕ್! ಫೋರ್ ವೀಲ್ ಡ್ರೈವ್ ಮುಟ್ಟದೆ, ನಿಧಾನವಾಗಿ, ಹತ್ತಿರದ ಅಂಗಡಿವರೆಗೆ ಮಾತ್ರ. ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ನೋಡುವ ವ್ಯವಸ್ಥೆ) ದೀಪ ಹತ್ತಿದರೆ ಗಾಬರಿ ಬೇಡ, ಅದಕ್ಕೂ ಈ ಅಳತೆ ವ್ಯತ್ಯಾಸ ಗೊತ್ತಾಗಿರುತ್ತದೆ.

ನಟ್ಟುಗಳದು ಬೇರೆಯೇ ಪುರಾಣ. ಹೊಸ ಅಲಾಯ್ ಜೊತೆ ಬಂದ ನಟ್ಟು ಹಳೇ ಉಕ್ಕಿನ ರಿಮ್ಮಿನ ಗುಂಡಿಗೆ ಕೂರದೇ ಇರಬಹುದು, ಹಳೇ ಐದನ್ನೂ ಡಬ್ಬಿಯಲ್ಲಿಟ್ಟುಕೊಳ್ಳಿ. ಅಲಾಯ್ ರಂಧ್ರ ಸಣ್ಣದಿದ್ದರೆ ಕಂಪನಿಯ ವೀಲ್ ಪಾನಾ ಒಳಗೇ ಹೋಗುವುದಿಲ್ಲ, ತೆಳು ಗೋಡೆಯ ಸಾಕೆಟ್ ಬೇಕು. ಕಳ್ಳರ ಭಯಕ್ಕೆ ಹಾಕಿಸಿದ ಲಾಕ್ ನಟ್ಟಿನ ಕೀಲಿ ಮಾತ್ರ ಪಂಚರಾದ ದಿನ ಪುಣೆಯ ಮನೆಯ ದೇವರ ಕೋಣೆಯಲ್ಲಿ ಭದ್ರವಾಗಿರುತ್ತದೆ.

ಕ್ರಮ ಇಷ್ಟೇ: ಹ್ಯಾಂಡ್ ಬ್ರೇಕ್ ಎಳೆದು, 4ಎಲ್ (ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ನಿಧಾನದ ಗೇರು) ಹಾಕಿ, ಇಳಿಜಾರಿನ ಕಡೆ ಚಕ್ರಕ್ಕೆ ಕಲ್ಲು ಕೊಡಿ. ಹಿಂದಿನ ಒಂದು ಚಕ್ರ ಎದ್ದಾಗ ಬರೀ ಗೇರನ್ನು ನಂಬಿದರೆ ಎದ್ದ ಚಕ್ರ ತಿರುಗಿ ಗಾಡಿ ಜಾರುತ್ತದೆ. ನಟ್ಟು ಸಡಿಲಿಸುವುದು ಚಕ್ರ ನೆಲದಲ್ಲಿರುವಾಗಲೇ. ಸ್ಟೆಪ್ನಿಯನ್ನು ಚಾಸಿ ಕೆಳಗೆ ಮಲಗಿಸಿಡಿ, ಜ್ಯಾಕ್ ಜಾರಿದರೂ ಗಾಡಿ ಅದರ ಮೇಲೆ ಕೂರುತ್ತದೆ. ಬಿಗಿಯುವಾಗ ಎದುರುಬದುರು ನಟ್ಟು, 50 ಕಿ.ಮೀ. ಆದ ಮೇಲೆ ಇನ್ನೊಮ್ಮೆ. ಕೊಟ್ಟ ಕಲ್ಲನ್ನು ದಯವಿಟ್ಟು ಎತ್ತಿ ಬದಿಗಿಡಿ. ಹಿಂದೆ ಬರುವವನ ಪಂಚರಿಗೆ ಅದೇ ಕಾರಣವಾಗಬಾರದು.

ಕೊನೆಗೆ ಆ ಚಪ್ಪಟೆಯಾದ ದೊಡ್ಡ ಟೈರು. ಸುಮಾರು 35 ಕಿಲೋ, ಮೈತುಂಬ ಕೆಂಪು ಕೆಸರು. ಹಿಂಬಾಗಿಲಿನ ಮೂಲ ಸ್ಟ್ಯಾಂಡಿಗೆ ಹಿಡಿದರೆ ಬಂಪರಿಗೆ ತಾಗುತ್ತದೆ, ಒತ್ತಿ ಹಾಕಿದರೆ ಬಾಗಿಲಿನ ಕೀಲು ಜೋಲುತ್ತದೆ. ಉಳಿದದ್ದು ಹಿಂದಿನ ಸೀಟು. ಥಾರಿನಲ್ಲಿ ಇರುವುದೇ ನಾಲ್ಕು ಸೀಟು. ಟೈರು ಎರಡನ್ನು ಹಿಡಿಯಿತು. ಸಾವಂತವಾಡಿಯಲ್ಲಿ ಇಬ್ಬರನ್ನು ಇಳಿಸಿ ಪಣಜಿಯ ಬಸ್ಸು ಹತ್ತಿಸಬೇಕು. ಗೋವಾದ ಕದಂಬ ಬಸ್ಸೇ ಸಿಕ್ಕಿದರೆ ನಮ್ಮ ಬನವಾಸಿಯ ಕದಂಬರ ಹೆಸರಾದರೂ ಅದರ ಮೇಲಿದೆ ಅಂತ ಅತ್ತೆಯವರನ್ನು ಸಮಾಧಾನ ಮಾಡಬಹುದು.