ಫಿಲ್ಟರ್ ಐತಿ ಅಂದಿದ್ದರು ನಮ್ಮ ಮಾವ

ನಮ್ಮ ಸೋದರಮಾವ ದಾವಣಗೆರೆಯ ಕಾಟನ್ ಮಿಲ್‌ನಲ್ಲಿದ್ದಾಗ ಬೀಡಿ ಸೇದುತ್ತಿದ್ದರು. ಕೆಮ್ಮು ಜಾಸ್ತಿಯಾದ ಮೇಲೆ ಬೀಡಿ ಬಿಟ್ಟು ಸಿಗರೇಟಿಗೆ ಬಂದರು. ಅತ್ತೆ ಬೈದಾಗಲೆಲ್ಲ ಒಂದೇ ಮಾತು: "ಇದಕ್ಕೆ ಫಿಲ್ಟರ್ ಐತಿ ಬಿಡೇ, ಏನೂ ಆಗಲ್ಲ." ಕೊನೇ ಎರಡು ವರ್ಷ ಪಡಸಾಲೆಯಲ್ಲಿ ಆಕ್ಸಿಜನ್ ಸಿಲಿಂಡರ್ ಪಕ್ಕದಲ್ಲೇ ಕಳೆದರು. ಅಂಗಿ ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ಏದುಸಿರು ಬರುತ್ತಿತ್ತು.

ಆ ಫಿಲ್ಟರ್ ಮಾತು ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದೆ. ಮಾವ ಸೇದುತ್ತಿದ್ದದ್ದು ಬೇರೆ ಕಂಪನಿಯದು. ಆದರೆ ಫಿಲಿಪ್ ಮಾರಿಸ್ ಅನ್ನೋ ಕಂಪನಿಯ ಕಥೆ ಓದಿದ ಮೇಲೆ ನನಗೆ ಎಲ್ಲಾ ಅರ್ಥ ಆಯ್ತು.

1847ರಲ್ಲಿ ಲಂಡನ್ನಿನ ಬಾಂಡ್ ಸ್ಟ್ರೀಟ್‌ನಲ್ಲಿ ಒಬ್ಬ ಮನುಷ್ಯನ ಒಂದು ಅಂಗಡಿ, ಅಷ್ಟೇ. ಆಮೇಲೆ ಅಮೆರಿಕಕ್ಕೆ ಹೋಗಿ ಬೆಳೆಯಿತು. 1924ರಲ್ಲಿ ಮಾರ್ಲ್‌ಬೊರೊ ಅಂತ ಒಂದು ಸಿಗರೇಟು ತಂದರು. ಅದು ಹೆಂಗಸರಿಗಾಗಿ ಮಾಡಿದ್ದು, ಅಷ್ಟೇನೂ ಓಡಲಿಲ್ಲ.

1953ರಲ್ಲಿ ಸಿಗರೇಟಿನ ಟಾರ್ ಅನ್ನು, ಅಂದರೆ ಹೊಗೆಯಲ್ಲಿರುವ ಅಂಟಂಟಾದ ಕಂದು ಪದಾರ್ಥವನ್ನು, ಇಲಿಗಳ ಚರ್ಮಕ್ಕೆ ಹಚ್ಚಿದಾಗ ಗಡ್ಡೆ ಬಂದ ಸುದ್ದಿ ಹರಡಿತು. ಜನ ಹೆದರಿದರು. ಆಗ ದೊಡ್ಡ ತಂಬಾಕು ಕಂಪನಿಗಳು ಸೇರಿ 1954ರ ಜನವರಿ 4ರಂದು 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಇಡೀ ಪುಟದ ಹೇಳಿಕೆ ಹಾಕಿಸಿದವು: ನಿಮ್ಮ ಆರೋಗ್ಯವೇ ನಮಗೆ ಮುಖ್ಯ, ನಮ್ಮ ಮಾಲಿನಿಂದ ಅಪಾಯ ಇಲ್ಲ ಅಂತ ನಾವು ನಂಬಿದ್ದೇವೆ ಅಂತ. ಇದನ್ನು ಓದಿ ನನಗೆ ಹೊಟ್ಟೆ ಉರಿಯಿತು. ಅದೇ ಹೊತ್ತಿಗೆ ಮಾರ್ಲ್‌ಬೊರೊಗೆ ಫಿಲ್ಟರ್ ಸೇರಿಸಿ, ಕುದುರೆ ಮೇಲೆ ಕೂತ ಗಂಡಸಿನ ಚಿತ್ರ ಹಾಕಿ, ಹೆದರಿದ ಗಂಡಸರಿಗೇ ಮಾರಿದರು. ಆ ಜಾಹೀರಾತಿನಲ್ಲಿ ಕಾಣಿಸಿಕೊಂಡ ನಟ ಡೇವಿಡ್ ಮೆಕ್ಲೀನ್ 1995ರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು.

ಸೇದಿ ಬಿಸಾಡಿದ ತುಂಡು ನೋಡಿ, ಫಿಲ್ಟರ್‌ನ ಸ್ಪಂಜು ಕಂದುಬಣ್ಣಕ್ಕೆ ತಿರುಗಿರುತ್ತದೆ. ವಿಷ ಎಲ್ಲಾ ಅಲ್ಲೇ ನಿಂತಿತು ಅನ್ನಿಸುತ್ತದೆ, ಅಲ್ವಾ? ಆದರೆ ಹೊಗೆ ಹಗುರ ಅನ್ನಿಸಿದಷ್ಟೂ ಮನುಷ್ಯ ಇನ್ನೂ ಜೋರಾಗಿ, ಆಳಕ್ಕೆ ಎಳೆದುಕೊಳ್ಳುತ್ತಾನೆ. ನಿಕೋಟಿನ್ ಚಟ ಕೇಳುವಷ್ಟನ್ನು ಕೇಳೇ ಕೇಳುತ್ತದೆ. 'ಲೈಟ್', 'ಲೋ ಟಾರ್' ಅನ್ನೋ ಮಾತುಗಳಿಂದ ಕಂಪನಿಗಳು ಜನರಿಗೆ ಮೋಸ ಮಾಡಿವೆ ಅಂತ 2006ರಲ್ಲಿ ಅಮೆರಿಕದ ನ್ಯಾಯಾಧೀಶೆ ಗ್ಲಾಡಿಸ್ ಕೆಸ್ಲರ್ ತೀರ್ಪು ಕೊಟ್ಟರು. ಫಿಲಿಪ್ ಮಾರಿಸ್ ಕೂಡ ಅದರಲ್ಲಿ ಪ್ರತಿವಾದಿ. ಅಷ್ಟರಲ್ಲಿ ಅದರ ಮಾತೃಸಂಸ್ಥೆ 2003ರಲ್ಲೇ ಆಲ್ಟ್ರಿಯಾ ಅಂತ ಹೆಸರು ಬದಲಿಸಿಕೊಂಡಿತ್ತು. 2008ರಲ್ಲಿ ಹೊರದೇಶಗಳ ವ್ಯಾಪಾರವನ್ನು ಬೇರೆ ಕಂಪನಿಯಾಗಿ ಮಾಡಿತು.

ಮೊನ್ನೆ ನಮ್ಮ ಏರಿಯಾದ ಬೀಡಾ ಅಂಗಡಿ ಮುಂದೆ ಒಬ್ಬ ಕಾಲೇಜು ಹುಡುಗ ಒಂದೇ ಒಂದು ಸಿಗರೇಟು ತಗೊಂಡು, ದಾರದಲ್ಲಿ ನೇತುಹಾಕಿದ್ದ ಲೈಟರ್‌ನಿಂದ ಹಚ್ಚಿಕೊಂಡ. ಪ್ಯಾಕಿನ ಎರಡೂ ಬದಿ 85% ಜಾಗದಲ್ಲಿ ಎಚ್ಚರಿಕೆ ಇರಬೇಕು ಅಂತ 2016ರಿಂದ ನಿಯಮ ಇದೆ. ಆದರೆ ಪ್ಯಾಕು ಅಂಗಡಿಯಣ್ಣನ ಹತ್ತಿರವೇ ಉಳಿಯಿತು. ಯಾಕಪ್ಪಾ ಅಂದೆ. "ಸ್ಟ್ರಾಂಗ್ ಅಲ್ಲ ಅಕ್ಕ, ಲೈಟು" ಅಂದ. ಮೊಬೈಲ್ ತೆಗೆದು ಸಿಲಿಂಡರ್ ಪಕ್ಕ ಮಲಗಿದ್ದ ಮಾವನ ಫೋಟೋ ತೋರಿಸಿದೆ. ಇವರೂ ಹಿಂಗೇ ಅಂದಿದ್ದರು ಕಣಪ್ಪ ಅಂದೆ.