ದಾದಾಭಾಯಿ ಅಂದರೆ ಒಂದು ಅಂಕವಾ?

ನಿನ್ನೆ ರಾತ್ರಿ ಮಗಳ ಸಮಾಜ ವಿಜ್ಞಾನದ ಗೈಡ್ ನೋಡುತ್ತಿದ್ದೆ. ‘ಸಂಪತ್ತಿನ ಸೋರಿಕೆ ಸಿದ್ಧಾಂತ ಮಂಡಿಸಿದವರು ಯಾರು? ದಾದಾಭಾಯಿ ನವರೋಜಿ.’ ಒಂದು ಅಂಕ, ಮುಗೀತು. ನನಗೆ ತಡೆಯಲಾರದ ಸಿಟ್ಟು ಬಂತು. ಆ ಮನುಷ್ಯ ಹತ್ತಿ ವ್ಯಾಪಾರಿಯಾಗಿದ್ದರು ಅನ್ನುವ ಒಂದು ಮಾತೂ ಅಲ್ಲಿಲ್ಲ.

ನಮ್ಮಪ್ಪ ಹತ್ತಿ ದಲಾಲಿ ಅಂಗಡಿಯಲ್ಲಿ ಕಿರ್ದಿ, ಅಂದರೆ ದಿನದ ಲೆಕ್ಕ, ಬರೆಯುತ್ತಿದ್ದರು. ಮಾಲು ಹೋದರೆ ದುಡ್ಡು ಬರಬೇಕು. ಬರದಿದ್ದರೆ ಅಪ್ಪನಿಗೆ ರಾತ್ರಿ ನಿದ್ದೆ ಇಲ್ಲ. ದಾದಾಭಾಯಿ ಕೇಳಿದ್ದೂ ಇದನ್ನೇ. ಭಾರತದಿಂದ ಇಷ್ಟೊಂದು ಮಾಲು ಹಡಗು ಹತ್ತುತ್ತಿದೆ, ಅದಕ್ಕೆ ತಕ್ಕಷ್ಟು ವಾಪಸ್ ಯಾಕೆ ಬರುತ್ತಿಲ್ಲ? ಹೀಗೆ ಬ್ರಿಟನ್ನಿಗೆ ಹರಿದುಹೋಗುವ ಸಂಪತ್ತನ್ನೇ ಅವರು ‘ಸೋರಿಕೆ’ ಅಂದಿದ್ದು.

1855ರಲ್ಲಿ ಮುಂಬೈನ ಪ್ರೊಫೆಸರ್ ಕೆಲಸ ಬಿಟ್ಟು, ಕಾಮಾ ಅನ್ನುವ ವ್ಯಾಪಾರ ಕಂಪನಿಯ ಪಾಲುದಾರರಾಗಿ ಲಂಡನ್ನಿಗೆ ಹೋದರು. ಅಫೀಮು, ಮದ್ಯದ ಲಾಭ ಬೇಡ ಅಂತ ಅಲ್ಲಿಂದ ಹೊರಬಂದರು. 1859ರಲ್ಲಿ ಸ್ವಂತ ಹತ್ತಿ ವ್ಯಾಪಾರ ಶುರು ಮಾಡಿದರು. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ಬ್ರಿಟನ್ನಿಗೆ ಬರುವುದು ನಿಂತಾಗ ನಮ್ಮ ಧಾರವಾಡ ಸೀಮೆಯ ಹತ್ತಿಗೂ ಭಾರೀ ಬೆಲೆ ಬಂದಿತ್ತು. 1865ರಲ್ಲಿ ಯುದ್ಧ ಮುಗಿಯಿತು, ಧಾರಣೆ ಬಿತ್ತು. ಅವರ ವ್ಯಾಪಾರವೂ ಮುಳುಗಿತು. ಅಪ್ಪ ದುಡಿಯುತ್ತಿದ್ದ ಅಂಗಡಿ ಮುಚ್ಚಿದ ದಿನ ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಹಾಗಾಗಿ ಈ ಭಾಗ ಓದುವಾಗ ನನಗೆ ಗಂಟಲು ಕಟ್ಟುತ್ತದೆ.

‘ವ್ಯಾಪಾರ ಮಾಡಿದ್ದು ಬರೀ ಹತ್ತು-ಹನ್ನೆರಡು ವರ್ಷ ಅಲ್ವಾ, ಅದನ್ನೇನು ಜಾಸ್ತಿ ಹೇಳೋದು’ ಅಂತ ಒಬ್ಬ ಗೆಳೆಯ ಅಂದ. ನಾನು ಒಪ್ಪಲ್ಲ. ಲೆಕ್ಕ ಹಿಡಿಯುವ ಕೈ ಅವರಿಗೆ ಕೊನೆವರೆಗೂ ಹೋಗಲಿಲ್ಲ. ಒಬ್ಬ ಭಾರತೀಯನ ವರ್ಷದ ಆದಾಯ ಸರಾಸರಿ 20 ರೂಪಾಯಿ ಅಂತ ಅವರು ಲೆಕ್ಕ ಹಾಕಿದರು. ಅದನ್ನು ಜೈಲಿನ ಕೈದಿಯ ಊಟ-ಬಟ್ಟೆಯ ಖರ್ಚಿನ ಪಕ್ಕ ಇಟ್ಟರು. ಕೈದಿಯ ಖರ್ಚೇ ಜಾಸ್ತಿ! ಸರ್ಕಾರದ್ದೇ ಅಂಕಿ ತೆಗೆದು ಸರ್ಕಾರದ ಮುಂದೆ ಹಿಡಿದರು. ಇಂಥ ಕೆಲಸ ಸುಮ್ನೆ ಭಾಷಣ ಮಾಡುವವರಿಂದ ಆಗುತ್ತಾ?

1886ರಲ್ಲಿ ಬ್ರಿಟನ್ನಿನ ಚುನಾವಣೆಗೆ ನಿಂತು ಸೋತರು. ಎರಡು ವರ್ಷದ ನಂತರ ಅಲ್ಲಿನ ಪ್ರಧಾನಿ ಸಾಲಿಸ್‌ಬರಿ, ದಾದಾಭಾಯಿಯವರನ್ನು ‘ಕರಿಯ’ ಅಂದ. 1892ರಲ್ಲಿ ಲಂಡನ್ನಿನ ಸೆಂಟ್ರಲ್ ಫಿನ್ಸ್‌ಬರಿ ಕ್ಷೇತ್ರದಿಂದ ಬರೀ 5 ಮತಗಳಿಂದ ಗೆದ್ದು ಸಂಸತ್ತಿಗೆ ಹೋದರು. ಅಲ್ಲೂ ಕೇಳಿದ್ದು ಅದೇ ಬಾಕಿ ಲೆಕ್ಕ.

ಇದನ್ನೆಲ್ಲ ಒಂದು ಅಂಕಕ್ಕೆ ಇಳಿಸಿದ್ದಾರೆ. ಮಗಳಿಗೆ ಅಪ್ಪನ ಹಳೇ ಕಿರ್ದಿ ಪುಸ್ತಕ ತೋರಿಸಿ, ಜಮಾ-ಖರ್ಚು ಅಂದರೆ ಏನು ಅಂತ ಹೇಳಿದೆ. ಗೈಡಿನ ಆ ಸಾಲಿನ ಪಕ್ಕ ‘ಹತ್ತಿ ವ್ಯಾಪಾರಿ’ ಅಂತ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.