ಖಳನಾಯಕರಿಗೆ ಬಿ ರಿಪೋರ್ಟ್

ಮಾರ್ವೆಲ್ ಕಾಮಿಕ್ಸ್‌ನ ಖಳನಾಯಕ, ಲ್ಯಾಟ್ವೀರಿಯಾ ಎಂಬ ಪುಟ್ಟ ಕಲ್ಪಿತ ದೇಶದ ಸರ್ವಾಧಿಕಾರಿ ಡಾಕ್ಟರ್ ಡೂಮ್ ಅವರು ಕೆಟ್ಟವರಲ್ಲ, ನೊಂದವರು ಎಂಬ ತೀರ್ಮಾನಕ್ಕೆ ಬೆಂಗಳೂರಿನ ಕಾಮಿಕ್ಸ್ ಪ್ರಿಯರು ಬಂದು ಬಹಳ ಕಾಲವಾಯಿತು. 1962ರಲ್ಲಿ ಲೇಖಕ ಸ್ಟ್ಯಾನ್ ಲೀ ಮತ್ತು ಚಿತ್ರಕಾರ ಜ್ಯಾಕ್ ಕರ್ಬಿ ಈ ಡೂಮ್ ಅವರನ್ನು ಪರಿಚಯಿಸಿದಾಗ ಅವರು ಹೆಣ್ಣುಮಗಳೊಬ್ಬಳನ್ನು ಒತ್ತೆಯಿಟ್ಟುಕೊಂಡು ಕೆಲಸ ಸಾಧಿಸುವ ಅಪ್ಪಟ ಖಳರಾಗಿದ್ದರು. ಎರಡೇ ವರ್ಷದಲ್ಲಿ ಅವರಿಗೊಂದು ಪೂರ್ವಕಥೆ ದಕ್ಕಿತು: ಚಿಕ್ಕಂದಿನಲ್ಲೇ ತೀರಿಹೋದ ತಾಯಿ, ಊರಿನ ದೊರೆಗೆ ಹೆದರಿ ಓಡುವಾಗ ಚಳಿಗೆ ಸಿಕ್ಕಿ ಸತ್ತ ತಂದೆ. ಅಲ್ಲಿಂದ ಮುಂದೆ ಅವರ ಗ್ರಹಗತಿಯೇ ಬದಲಾಯಿತು.

ಅವರ ಮುಖದ ಗಾಯದ ವೃತ್ತಾಂತವನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಕಾಲೇಜಿನಲ್ಲಿದ್ದಾಗ ಅವರು ಕಟ್ಟುತ್ತಿದ್ದ ಯಂತ್ರದ ಲೆಕ್ಕ ತಪ್ಪಿದೆಯೆಂದು ಸಹಪಾಠಿ ರೀಡ್ ರಿಚರ್ಡ್ಸ್ ಎಚ್ಚರಿಸಿದ, ಇವರು ಕೇಳಲಿಲ್ಲ, ಯಂತ್ರ ಸಿಡಿಯಿತು, ತಪ್ಪು ರಿಚರ್ಡ್ಸ್‌ನದೆಂದು ತೀರ್ಮಾನವಾಯಿತು. ಮುಂದೆ ಇನ್ನೊಂದು ಸಂಚಿಕೆಯ ಪ್ರಕಾರ ಸ್ಫೋಟದಿಂದಾದದ್ದು ಬರೀ ಒಂದು ಗೀರು, ಮುಖ ನಿಜವಾಗಿ ಸುಟ್ಟದ್ದು ಕುಲುಮೆಯಿಂದ ತೆಗೆದ ಲೋಹದ ಮುಖವಾಡವನ್ನು ಆರುವವರೆಗೆ ಕಾಯದೆ ತೊಟ್ಟುಕೊಂಡದ್ದರಿಂದ. ಇದನ್ನು ಅಭಿಮಾನಿಗಳು ದುರಂತವೆನ್ನುತ್ತಾರೆ. ನಮ್ಮ ಮನೆಗಳಲ್ಲಿ ಬಿಸಿ ಬಾಣಲೆಗೆ ಕೈಹಾಕಿದ ಮಗುವಿಗೆ ಇಷ್ಟು ಗೌರವ ಸಿಕ್ಕಿದ್ದನ್ನು ನಾನಂತೂ ಕಂಡಿಲ್ಲ.

ವೈಟ್‌ಫೀಲ್ಡ್‌ನಲ್ಲಿ ನಡೆಯುವ ಕಾಮಿಕ್ಸ್ ಪ್ರಿಯರ ಜಾತ್ರೆಯಾದ ಕಾಮಿಕ್ ಕಾನ್‌ಗೆ ಹೋದರೆ ಈ ಗೌರವದ ಆಳ ತಿಳಿಯುತ್ತದೆ. ಹಸಿರು ನಿಲುವಂಗಿ ತೊಟ್ಟು, ಬೆಳ್ಳಿಬಣ್ಣ ಬಳಿದ ಫೋಮ್‌ನ ಮುಖವಾಡದೊಳಗೆ ಬೆವರುತ್ತಿದ್ದ ಯುವಕನೊಬ್ಬನ ಬಾಯಿಯ ಸೀಳಿಗೆ ಗೆಳೆಯ ಸ್ಟ್ರಾ ತೂರಿಸಿ ನೀರು ಕುಡಿಸುತ್ತಿದ್ದ; ಒಂದು ಗುಟುಕಿಗೂ ಇನ್ನೊಂದಕ್ಕೂ ನಡುವೆ ಆ ಮುಖವಾಡ, ‘ಅವರು ಕೊಟ್ಟ ಮಾತಿಗೆ ತಪ್ಪಿದವರಲ್ಲ ಸರ್, ತಾಯಿಯ ಆತ್ಮವನ್ನು ಬಿಡಿಸಲು ಪಿಶಾಚಿಯ ಜೊತೆಗೇ ಹೋರಾಡಿದವರು’ ಎಂದು ನನಗೆ ವಿವರಿಸಿತು. ತಾಯಿ ಸೆಂಟಿಮೆಂಟ್ ಇದ್ದಮೇಲೆ ಗಾಂಧಿನಗರ ಯಾರನ್ನು ತಾನೇ ಕೈಬಿಟ್ಟಿದೆ? ಲ್ಯಾಟ್ವೀರಿಯಾದ ಪ್ರಜೆಗಳ ಗತಿಯೇನೆಂದು ಕೇಳಿದೆ. ಅವರೆಲ್ಲ ಸುಖವಾಗಿದ್ದಾರೆ, ಯಾರೂ ದೂರಿಲ್ಲ ಎಂಬ ಉತ್ತರ ಬಂತು. ದೂರಿದವರಿಗೆ ಪೂರ್ವಕಥೆಯಿರಲಿ, ಹೆಸರೂ ಸಿಗುವುದಿಲ್ಲವೆಂಬುದು ಬೇರೆ ಮಾತು.

ಡೂಮ್ ಅವರ ಘನತೆಗೆ ಕುಂದು ಬರುವಂಥ ಸಂಚಿಕೆಗಳಿಗೂ ಪರಿಹಾರವುಂಟು. ಒಮ್ಮೆ ಯಃಕಶ್ಚಿತ್ ಖಳನೊಬ್ಬ ಅವರ ಕವಚದ ಮೇಲೆಯೇ ಬೆಂಕಿಕಡ್ಡಿ ಗೀರಿದಾಗ ಅವರು ಸುಮ್ಮನಿದ್ದರು. ಅಂಥ ಅವಮಾನ ಸಹಿಸಿದವರು ಡೂಮ್ ಅಲ್ಲ, ಅವರಂತೆಯೇ ಕಾಣುವ ರೋಬೋಟ್ ಎಂದು ಮುಂದೆ ಬೇರೊಂದು ಪತ್ರಿಕೆಯಲ್ಲಿ ಸ್ಪಷ್ಟನೆ ಹೊರಬಿತ್ತು. ‘ನನ್ನ ಗಮನಕ್ಕೆ ಬಂದಿಲ್ಲ, ಆಪ್ತ ಸಹಾಯಕರು ಮಾಡಿರಬಹುದು’ ಎಂಬ ನಮ್ಮವರ ಹೇಳಿಕೆಗಿಂತ ಇದು ಎಷ್ಟೋ ಅಚ್ಚುಕಟ್ಟು. ಇನ್ನು ಐರನ್ ಮ್ಯಾನ್ ಆಗಿ ಲೋಕವನ್ನು ಕಾಪಾಡಿದ ನಟ ರಾಬರ್ಟ್ ಡೌನಿ ಜೂನಿಯರ್ ಅವರೇ ಡೂಮ್ ಪಾತ್ರ ಮಾಡುತ್ತಾರೆಂದು 2024ರಲ್ಲಿ ಘೋಷಣೆಯಾದಾಗ ಹಲವರು ಬೆರಗಾದರು. ಪಕ್ಷಾಂತರವನ್ನು ರೆಸಾರ್ಟ್ ಸಮೇತ ಕಂಡ ನಾವು ಬೆರಗಾಗಲಿಲ್ಲ.

ಕೆಟ್ಟವನಲ್ಲಿ ಹಿರಿಮೆ ಕಾಣುವುದು ಕನ್ನಡಕ್ಕೆ ಹೊಸದಲ್ಲವೆಂದು ಪಂಡಿತರು ರನ್ನನನ್ನು ಸಾಕ್ಷಿಗೆ ಕರೆಯುತ್ತಾರೆ. ನಿಜ, ರನ್ನನ ದುರ್ಯೋಧನ ರಣರಂಗದಲ್ಲಿ ಶತ್ರುವಿನ ಮಗನಾದ ಅಭಿಮನ್ಯುವಿನ ಕಳೇಬರಕ್ಕೂ ಕೈಮುಗಿಯುತ್ತಾನೆ. ಆದರೆ ಅಷ್ಟೆಲ್ಲ ಆದಮೇಲೂ ಭೀಮನ ಗದೆ ಬೀಳಬೇಕಾದ ತೊಡೆಯ ಮೇಲೆಯೇ ಬೀಳುತ್ತದೆ. ಕವಿ ದುರ್ಯೋಧನನಿಗಾಗಿ ಕಣ್ಣೀರಿಟ್ಟನೇ ಹೊರತು ಬಿ ರಿಪೋರ್ಟ್ ಸಲ್ಲಿಸಲಿಲ್ಲ.

ಆ ಕೆಲಸಕ್ಕೆ ಬೆಂಗಳೂರಿನಲ್ಲಿ ಬೇರೆ ವ್ಯವಸ್ಥೆಯಿದೆ. ರಾಜಕಾಲುವೆಯನ್ನು ನುಂಗಿದ ಮಹನೀಯರು ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ, ಅಣ್ಣಮ್ಮನ ಉತ್ಸವಕ್ಕೆ ಅನ್ನಸಂತರ್ಪಣೆ ಏರ್ಪಡಿಸಿದೊಡನೆ ‘ಬಡವರ ಬಂಧು’ ಆಗಿ ವೃತ್ತದಲ್ಲಿ ಪ್ರತಿಷ್ಠಾಪನೆಗೊಳ್ಳುತ್ತಾರೆ. ಮಳೆಗಾಲದಲ್ಲಿ ಮನೆಗೆ ನೀರು ನುಗ್ಗಿಸಿಕೊಂಡವರು ಅದೇ ಪಂಕ್ತಿಯಲ್ಲಿ ಕುಳಿತು ಪಾಯಸ ಉಣ್ಣುತ್ತಾರೆ. ಆದ್ದರಿಂದ ಡೂಮ್ ಅವರ ಫ್ಲೆಕ್ಸ್ ಕೂಡ ಇಲ್ಲಿ ಏಳುವುದು ನ್ಯಾಯ. ಮುದ್ರಕರಿಗೂ ಸಲೀಸು: ಕೆಳಗಿನ ಸಾಲಿನ ‘ಶುಭ ಕೋರುವವರು’ ಎಲ್ಲರೂ ರೋಬೋಟ್‌ಗಳೇ ಆದ್ದರಿಂದ ಒಂದೇ ಫೋಟೋ ಸಾಕು. ಫ್ಲೆಕ್ಸ್‌ಗಳನ್ನು ತೆರವುಗೊಳಿಸಬೇಕೆಂಬ 2018ರ ಹೈಕೋರ್ಟ್ ಆದೇಶವನ್ನು ಹಿಡಿದು ಪಾಲಿಕೆಯವರು ಬಂದು, ಇದನ್ನು ಕಟ್ಟಿದವರು ಯಾರೆಂದು ಕೇಳಿದರೆ, ಆ ಸಾಲಿನಲ್ಲಿ ಯಾರನ್ನು ಬೇಕಾದರೂ ತೋರಿಸಬಹುದು.